ಮೊದಲ ಮಳೆಯ ಸಾರಜನಕ ಯಾರ ಪಾಲು?

ಕಾದು ಬಿರಿದ ನೆಲದ ಮೇಲೆ ಭರಣಿಯೋ ಕೃತ್ತಿಕೆಯೋ ಒಂದು ಹದ ಸುರಿದರೆ ಸಾಕು, ಮಲೆನಾಡಿನ ಬೇಣಗಳು ವಾರದೊಳಗೆ ಹಸಿರಾಗುತ್ತವೆ. ಅಲ್ಲಿಗೆ ಯಾರೂ ಗೊಬ್ಬರ ಹೊತ್ತಿರುವುದಿಲ್ಲ. ಈ ಹಸಿರಿನ ಹಿಂದಿರುವ ಒಂದು ಲೆಕ್ಕವನ್ನು ಪೂರ್ವ ಆಫ್ರಿಕದ ಮಣ್ಣುಗಳಲ್ಲಿ ಅಭ್ಯಸಿಸಿ 1958ರಲ್ಲಿ ಪ್ರಕಟಿಸಿದವರು ಎಚ್. ಎಫ್. ಬರ್ಚ್.

ಒಣಗಿದ ಮಣ್ಣು ಒಮ್ಮೆಲೇ ನೆನೆದಾಗ, ಬೇಸಗೆಯನ್ನು ತಾಳಿಕೊಂಡಿದ್ದ ಸೂಕ್ಷ್ಮಾಣುಜೀವಿಗಳಲ್ಲಿ ಒಂದು ಪಾಲು ಸಾಯುತ್ತದೆ. ಉಳಿದವು ಆ ಕಳೇಬರಗಳನ್ನೂ ನೀರು ಸಡಿಲಿಸಿದ ಸಾವಯವ ವಸ್ತುವನ್ನೂ ಉಂಡು ಹೆಚ್ಚುತ್ತವೆ. ಅವುಗಳ ಅಗತ್ಯಕ್ಕೆ ಮಿಕ್ಕ ಸಾರಜನಕ ಅಮೋನಿಯಂ ಆಗಿ ಮಣ್ಣಿಗೆ ಬೀಳುತ್ತದೆ. ಬೇರೆ ಬ್ಯಾಕ್ಟೀರಿಯಗಳೂ ಆರ್ಕಿಯಗಳೂ ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ.

ತೊಡಕಿರುವುದು ಇಲ್ಲಿಯೇ. ಅಮೋನಿಯಮನ್ನು ಜೇಡಿಯೂ ಹ್ಯೂಮಸ್ಸೂ ಹಿಡಿದಿಡಬಲ್ಲವು, ನೈಟ್ರೇಟನ್ನು ಅಷ್ಟಾಗಿ ಹಿಡಿಯಲಾರವು. ಬೇರು ಹೀರದೆ ಹೋದರೆ ಅದು ನೀರಿನೊಡನೆ ಹಳ್ಳ ಸೇರುತ್ತದೆ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಕಾಣುವ ಆಗುಂಬೆಯಂಥ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. ಇನ್ನು ನೀರು ನಿಂತು ಗಾಳಿಯಾಡದ ನೆಲದಲ್ಲಿ ಮತ್ತೊಂದು ಗುಂಪಿನ ಬ್ಯಾಕ್ಟೀರಿಯಗಳು ಆಮ್ಲಜನಕಕ್ಕೆ ಬದಲಾಗಿ ನೈಟ್ರೇಟಿನಿಂದಲೇ ಉಸಿರಾಡಿ ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಅದರಲ್ಲೊಂದು ಪಾಲು ನೈಟ್ರಸ್ ಆಕ್ಸೈಡ್. ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿಯೇರಿಸುವ ಅನಿಲವದು.

ಮಧ್ಯ ಭಾರತದ ಮುಂಗಾರಿನಲ್ಲಿ 1951ರಿಂದ 2000ದವರೆಗೆ ಅತಿವೃಷ್ಟಿಯ ಪ್ರಸಂಗಗಳು ಹೆಚ್ಚಿದುವೆಂದು ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಮಲೆನಾಡು ಮತ್ತು ಕೊಡಗು 2018, 2019ರ ಆಗಸ್ಟ್‌ಗಳನ್ನು ಮರೆತಿಲ್ಲ. ಉದ್ದದ ಒಣಹವೆ, ಅದರ ಬೆನ್ನಿಗೆ ಬಿರುಮಳೆ ಎಂಬ ಕ್ರಮ ಬಲಿತರೆ, ಸೂಕ್ಷ್ಮಜೀವಿಗಳು ಬಿಡಿಸಿಕೊಟ್ಟದ್ದನ್ನು ಬೇರುಗಳು ಪಡೆಯುವ ಮೊದಲೇ ಹೊಳೆ ಒಯ್ಯುತ್ತದೆ.

ಹಿಂದಿನವರಿಗೆ ಬ್ಯಾಕ್ಟೀರಿಯದ ಹೆಸರು ತಿಳಿದಿರಲಿಲ್ಲ. ಅದರ ಸ್ವಭಾವ ತಿಳಿದಿತ್ತು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷ್ ಆಡಳಿತದ ಕಾಲದ ವ್ಯವಸ್ಥೆ. ಬೆಟ್ಟದ ದರಕಿನಲ್ಲಿ ಇಂಗಾಲ ಅತಿ, ಸಾರಜನಕ ಅಲ್ಪ. ಅದನ್ನು ಹಾಗೆಯೇ ಮಣ್ಣಿಗೆ ಬೆರೆಸಿದರೆ ಕೊಳೆಸುವ ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಕೆಲಕಾಲ ಕಸಿದುಕೊಳ್ಳುತ್ತವೆ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿದರೆ ಗಂಜಲ ಹೀರಿ, ಗುಂಡಿಯಲ್ಲಿ ಮಾಗಿ, ನಿಧಾನವಾಗಿ ಉಣಿಸುವ ಗೊಬ್ಬರವಾಗುತ್ತದೆ. (ಸೊಪ್ಪಿಗಾಗಿ ಬೆಟ್ಟಗಳನ್ನು ಬೋಳಾಗುವಷ್ಟು ಕಡಿದವರೂ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ.) ಈಗ ಕೊಟ್ಟಿಗೆಗಳು ಬರಿದಾಗುತ್ತಿವೆ, ಆ ಜಾಗಕ್ಕೆ ಅಗ್ಗದ ಯೂರಿಯ ಬಂದಿದೆ. ಕೆಲವೇ ದಿನಗಳಲ್ಲಿ ಅಮೋನಿಯಂ ಆಗುವ ಯೂರಿಯವನ್ನು ಆರಿದ್ರೆಯ ಜಡಿಮಳೆಗೆ ಮುನ್ನ ಎರಚುವುದು ಹಣವನ್ನು ಹೊಳೆಗೆ ಸುರಿದಂತೆಯೇ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಹನ್ನೆರಡು ಅಂಶಗಳನ್ನು ಅಳೆಯುತ್ತದೆ. ಲಭ್ಯ ಸಾರಜನಕವೂ ಸಾವಯವ ಇಂಗಾಲವೂ ಅದರಲ್ಲಿವೆ. ಮಣ್ಣಿನ ಜೀವಿಗಳ ಚಟುವಟಿಕೆ ಇಲ್ಲ. ಆರೋಗ್ಯವೆಂಬ ಹೆಸರಿಟ್ಟು ಜೀವವನ್ನೇ ಎಣಿಕೆಯಿಂದ ಬಿಟ್ಟಿರುವುದು ವಿಚಿತ್ರ. ಮಣ್ಣಿನ ಉಸಿರಾಟವನ್ನು ಅಳೆಯುವ ಪರೀಕ್ಷೆ ಕಷ್ಟದ್ದೇನೂ ಅಲ್ಲ. ಘಟ್ಟದ ತಾಲ್ಲೂಕುಗಳಲ್ಲಿಯಾದರೂ ಅದನ್ನು ಚೀಟಿಗೆ ಸೇರಿಸಬೇಕು, ಗೊಬ್ಬರದ ಶಿಫಾರಸನ್ನು ಮಳೆಯ ನಡೆಗೆ ಹೊಂದಿಸಿ ಕಂತುಗಳಲ್ಲಿ ಕೊಡಬೇಕು ಎಂಬ ಬೇಡಿಕೆಯನ್ನು ಮುಂಗಾರಿಗೆ ಮೊದಲು ಗ್ರಾಮಸಭೆಗಳಲ್ಲಿ ಮಂಡಿಸಬಹುದು. ಅಲ್ಲಿಯವರೆಗೆ ತೋಟದ ನೆಲ ಬೆತ್ತಲೆಯಾಗದಂತೆ ಹೊದಿಕೆ ಉಳಿಸಿಕೊಳ್ಳುವುದು ರೈತರ ಕೈಯಲ್ಲೇ ಇದೆ.