ಅಗ್ಗಿಷ್ಟಿಕೆಯ ಮುಂದೆ ಮಂತ್ರಿ, ಕಡಲ ದಂಡೆಯಲ್ಲಿಯೂ ಮಂತ್ರಿ!

2020ರ ಡಿಸೆಂಬರ್ 24ರಂದು, ಕ್ರಿಸ್ಮಸ್ ಹಬ್ಬದ ಮುನ್ನಾದಿನ, ಕೆನಡಾದ ಒಂಟಾರಿಯೊ ಪ್ರಾಂತದ ಹಣಕಾಸು ಸಚಿವ ರಾಡ್ ಫಿಲಿಪ್ಸ್ ಅವರ ಟ್ವಿಟರ್ ಖಾತೆಯಲ್ಲಿ ಒಂದು ವೀಡಿಯೊ ಪ್ರಕಟವಾಯಿತು. ಉರಿಯುವ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಬೆಚ್ಚನೆಯ ಉಡುಪು ಧರಿಸಿ ಸಚಿವರು ಕುಳಿತಿದ್ದಾರೆ. ಬದಿಯಲ್ಲಿ ಹಬ್ಬದ ತಿನಿಸಿನಿಂದ ಕಟ್ಟಿದ ಪುಟ್ಟ ಮನೆಯಿದೆ. ಕೊರೋನಾದಿಂದ ಪರಸ್ಪರರನ್ನು ಕಾಪಾಡಲಿಕ್ಕಾಗಿ ಜನರು ಮಾಡುತ್ತಿರುವ ತ್ಯಾಗಕ್ಕೆ ಅವರು ಧನ್ಯವಾದ ಹೇಳುತ್ತಾರೆ. ನೋಡಿದವರಿಗೆ ಸಚಿವರೂ ನಮ್ಮಂತೆಯೇ ಮನೆಯಲ್ಲಿದ್ದಾರೆ ಎನ್ನಿಸುವುದು ಸಹಜ.

ಆದರೆ ಸಚಿವರು ಮನೆಯಲ್ಲಿರಲಿಲ್ಲ. ಒಂಟಾರಿಯೊದಲ್ಲಿಯೇ ಇರಲಿಲ್ಲ. ಡಿಸೆಂಬರ್ 13ರಂದೇ ಅವರು ಕೆರಿಬಿಯನ್ ಸಮುದ್ರದ ಸೇಂಟ್ ಬಾರ್ಟ್ಸ್ ದ್ವೀಪಕ್ಕೆ ವಿಹಾರ ಹೊರಟಿದ್ದರು. ವೀಡಿಯೊವನ್ನು ಮೊದಲೇ ಚಿತ್ರೀಕರಿಸಿ ಇಡಲಾಗಿತ್ತು. ಅವರ ಖಾತೆಯಿಂದ ದಿನ ಬಿಟ್ಟು ದಿನ ಹೊರಬೀಳುತ್ತಿದ್ದ ಸಂದೇಶಗಳೂ ಅವರು ಊರಲ್ಲಿಯೇ ಇದ್ದಾರೆಂಬ ಭಾವನೆಯನ್ನು ಬಿತ್ತುತ್ತಿದ್ದುವು. ಡಿಸೆಂಬರ್ 26ರಿಂದ ಇಡೀ ಪ್ರಾಂತಕ್ಕೆ ಬೀಗಮುದ್ರೆ ಬಿತ್ತು. ಸುಮಾರು ಒಂದೂವರೆ ಕೋಟಿ ಜನರಿಗೆ, ಸ್ವಂತ ತಂದೆ-ತಾಯಿಯ ಮನೆಗೂ ಹಬ್ಬದೂಟಕ್ಕೆ ಹೋಗಬೇಡಿ ಎಂದು ಬೋಧಿಸಿದ ಸರಕಾರದ ಖಜಾನೆಯ ಕೀಲಿಕೈ ಹೊತ್ತವರು ಆ ಹೊತ್ತಿನಲ್ಲಿ ಮರಳ ದಂಡೆಯ ದ್ವೀಪದಲ್ಲಿದ್ದರು! ಸುದ್ದಿ ಬಯಲಾದ ಬಳಿಕ ಡಿಸೆಂಬರ್ 31ರಂದು ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಇಳಿದ ಅವರು ತಾನು ಮೂರ್ಖತನ ಮಾಡಿದೆನೆಂದು ಒಪ್ಪಿಕೊಂಡರು. ಅಂದೇ ರಾಜೀನಾಮೆ ನೀಡಿದರು. ಮುಖ್ಯಸ್ಥ ಡಗ್ ಫೋರ್ಡ್ ಅವರಿಗೆ ಈ ಪ್ರವಾಸ ತಿಳಿದಿರಲಿಲ್ಲವೇ? ಸಚಿವರು ಅಲ್ಲಿ ತಲಪಿದ ಸ್ವಲ್ಪ ಸಮಯದಲ್ಲೇ ತನಗೆ ಗೊತ್ತಾಗಿತ್ತು, ಕೂಡಲೇ ವಾಪಸು ಕರೆಸಬೇಕಿತ್ತು ಎಂದು ಅವರೇ ಹೇಳಿಕೊಂಡರು. ಅಂದರೆ, ಗೊತ್ತಿತ್ತು ಮತ್ತು ಸುಮ್ಮನಿದ್ದರು. ಅದೇ ದಿನಗಳಲ್ಲಿ ಅಲ್ಬರ್ಟಾ ಪ್ರಾಂತದ ಸಚಿವೆಯೋರ್ವರು ಹವಾಯಿ ದ್ವೀಪದಲ್ಲಿದ್ದುದೂ ಬಯಲಾಗಿ ಜನವರಿ 4ರಂದು ಅವರೂ ಪದತ್ಯಾಗ ಮಾಡಬೇಕಾಯಿತು.

ಇದಕ್ಕಿಂತ ಎರಡು ತಿಂಗಳ ಹಿಂದೆ ಇನ್ನೊಂದು ದ್ವೀಪಯಾತ್ರೆ ಜಗತ್ತಿನ ಬಾಯಿಗೆ ಬಿದ್ದಿತ್ತು. ಅಮೇರಿಕದ ಟಿ.ವಿ. ತಾರೆ ಕಿಮ್ ಕಾರ್ಡಾಶಿಯನ್ ತನ್ನ ನಲ್ವತ್ತನೆಯ ಹುಟ್ಟುಹಬ್ಬವನ್ನು ಖಾಸಗಿ ದ್ವೀಪವೊಂದರಲ್ಲಿ ಆಚರಿಸಿದರು. ಆಪ್ತರನ್ನೆಲ್ಲಾ ಎರಡು ವಾರ ಪ್ರತ್ಯೇಕವಾಗಿರಿಸಿ, ಮೇಲಿಂದ ಮೇಲೆ ಆರೋಗ್ಯ ತಪಾಸಣೆ ಮಾಡಿಸಿ ಕರೆದೊಯ್ದೆ, ಎಲ್ಲವೂ ಮೊದಲಿನಂತೆಯೇ ಇದೆಯೆಂದು ಕ್ಷಣಕಾಲ ನಟಿಸಲು ನಮಗೆ ಸಾಧ್ಯವಾಯಿತು ಎಂಬರ್ಥದಲ್ಲಿ ಅವರು ಅಕ್ಟೋಬರ್ 27ರಂದು ಬರೆದುಕೊಂಡರು. ಕುಣಿದದ್ದು, ಸೈಕಲ್ ತುಳಿದದ್ದು, ತಿಮಿಂಗಿಲಗಳ ಸನಿಹ ಈಜಿದ್ದು ಎಲ್ಲವನ್ನೂ ವರ್ಣಿಸಿ, ಕೊನೆಗೆ ತನ್ನ ಬದುಕು ಎಷ್ಟು ಸವಲತ್ತಿನದ್ದೆಂಬುದನ್ನು ವಿನಮ್ರವಾಗಿ ನೆನೆಯುತ್ತೇನೆ ಎಂಬ ಒಗ್ಗರಣೆಯನ್ನೂ ಹಾಕಿದರು. ಅಂದಿಗೆ ಅಮೇರಿಕದಲ್ಲಿ ಕೊರೋನಾಕ್ಕೆ ಬಲಿಯಾದವರ ಸಂಖ್ಯೆ ಎರಡೂಕಾಲು ಲಕ್ಷವನ್ನು ದಾಟಿತ್ತು. ಪತ್ರಿಕೆಗಳು ವರದಿ ಮಾಡಿದಂತೆ ಆ ದ್ವೀಪ ಕೆರಿಬಿಯನ್ನಿನದ್ದಲ್ಲ, ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದ್ದು. ಅಲ್ಲಿನ ಮುಖ್ಯ ದ್ವೀಪ ತಹೀತಿಯ ಜನರು ಅದೇ ಅಕ್ಟೋಬರ್‌ನ ಕೊನೆಯಲ್ಲಿ ರಾತ್ರಿ ಕರ್ಫ್ಯೂವಿನಲ್ಲಿದ್ದರು.

ಜಗತ್ತು ನಕ್ಕಿತು, ಬೈಯಿತು, ಮರೆಯಿತು. ಆದರೆ ನ್ಯಾಯವಾಗಿ ನೋಡಿದರೆ ಈ ಇಬ್ಬರಲ್ಲಿ ತಾರೆಯ ಅಪರಾಧ ಹಗುರವಾದುದು. ಆಕೆ ಎಲ್ಲಿಗೂ ಹೋಗದವಳಂತೆ ನಟಿಸಲಿಲ್ಲ. ಇತರರಿಗೆ ನಿಯಮ ರೂಪಿಸುವ ಹೊಣೆಯೂ ಆಕೆಗಿರಲಿಲ್ಲ. ಆಕೆಯದ್ದು ಐಶ್ವರ್ಯದ ಮೈಮರೆವು. ಸಚಿವರದ್ದು ಲೆಕ್ಕಾಚಾರ. ಮುಂದೊಂದು ದಿನ ಜನರು ಕೇಳಬಹುದೆಂಬ ಅರಿವಿದ್ದೇ ಅಗ್ಗಿಷ್ಟಿಕೆಯನ್ನು ಮೊದಲೇ ಉರಿಸಿಡಲಾಗಿತ್ತು. ಮೈಮರೆತವನಿಗೆ ಅಂತಹ ಪೂರ್ವಸಿದ್ಧತೆ ಎಲ್ಲಿಂದ ಬರಬೇಕು?

ಇಂಥವರ ಬೆಂಬಲಿಗರು ಮುಂದಿಡುವ ಮೊದಲ ವಾದ ಏನೆಂದರೆ, ಯಾವ ಕಾನೂನೂ ಉಲ್ಲಂಘನೆಯಾಗಿಲ್ಲ ಎಂಬುದು. ಇದು ನಿಜ. ಅನಗತ್ಯ ವಿದೇಶ ಪ್ರಯಾಣ ಬೇಡವೆಂದು ಸರಕಾರ ಸಲಹೆ ಕೊಟ್ಟಿತ್ತೇ ವಿನಃ ನಿಷೇಧ ಹೇರಿರಲಿಲ್ಲ. ಆದರೆ ಈ ವಾದವೇ ಆರೋಪಪಟ್ಟಿಯಲ್ಲವೇ? ಅದೇ ಒಂಟಾರಿಯೊದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಮಿತಿ ಮೀರಿದ ಕೂಟವನ್ನು ಏರ್ಪಡಿಸಿದವರಿಗೆ ಕನಿಷ್ಠ 10,000 ಡಾಲರ್, ಅದರಲ್ಲಿ ಭಾಗವಹಿಸಿದವರಿಗೆ 750 ಡಾಲರ್ ದಂಡ. ನವೆಂಬರ್ 23ರಿಂದ ಟೊರಾಂಟೊ ಮತ್ತು ಪೀಲ್ ಪ್ರದೇಶಗಳಲ್ಲಿ ಹೊರಗಿನವರನ್ನು ಮನೆಯೊಳಗೆ ಸೇರಿಸುವುದೇ ನಿಷಿದ್ಧವಾಯಿತು. ಮಗುವಿನ ಹುಟ್ಟುಹಬ್ಬಕ್ಕೆ ಪಕ್ಕದ ಮನೆಯ ಮಕ್ಕಳನ್ನು ಕರೆದು ಕೇಕ್ ಕತ್ತರಿಸಿದ ತಾಯಿ ದಂಡಾರ್ಹಳು. ಅದೇ ಹುಟ್ಟುಹಬ್ಬಕ್ಕೆ ವಿಮಾನವೇರಿ ಕೆರಿಬಿಯನ್ ದ್ವೀಪಕ್ಕೆ ಹೋದವರು ಕೇವಲ ಸಲಹೆಯನ್ನು ಪಾಲಿಸದವರು! ಕಾನೂನು ಬೈಠಕ್‌ಖಾನೆಯ ಉದ್ದಗಲವನ್ನು ಅಳೆಯಿತು, ವಿಮಾನಯಾನದ ದೂರವನ್ನು ಅಳೆಯಲಿಲ್ಲ. ಯಾರ ಬದುಕು ಎಲ್ಲಿ ನಡೆಯುತ್ತದೆಂದು ಬಲ್ಲವರೇ ಇಂತಹ ಕಾನೂನನ್ನು ಬರೆದಿರಬೇಕು.

ಎರಡನೆಯ ವಾದ, ಹಣ ಅವರದ್ದು ಎಂಬುದು. ಆಗಲಿ. ಆದರೆ ವೈರಾಣು ಯಾರ ಖಾತೆಯಿಂದ ಖರ್ಚಾಗುತ್ತದೆ? ಸೇಂಟ್ ಬಾರ್ಟ್ಸ್ ಫ್ರಾನ್ಸಿನ ಅಧೀನದಲ್ಲಿರುವ, ಸುಮಾರು 25 ಚದರ ಕಿಲೋಮೀಟರ್ ವಿಸ್ತಾರದ, ಹತ್ತು ಸಾವಿರದಷ್ಟು ಜನವಸತಿಯ ಪುಟ್ಟ ನೆಲ. ಅಲ್ಲಿರುವುದು ಸಣ್ಣದೊಂದು ಆಸ್ಪತ್ರೆ. ರೋಗ ಗಂಭೀರವಾದರೆ ಬೇರೆ ದ್ವೀಪಕ್ಕೆ ಸಾಗಿಸಬೇಕು. ಅತಿಥಿಗೆ ಕೆಮ್ಮು ಬಂದರೆ ವಿಮಾನವಿದೆ, ವಿಮೆಯಿದೆ. ಆತನ ಹಾಸಿಗೆ ಸರಿಪಡಿಸಿದ, ತಟ್ಟೆ ತೊಳೆದ ಕೈಗಳಿಗೆ ಏನಿದೆ?

ಮೂರನೆಯ ವಾದವನ್ನು ಮಾತ್ರ ಸುಲಭವಾಗಿ ತಳ್ಳಿಹಾಕಲಾಗದು. ಪ್ರವಾಸಿ ಬಂದರಲ್ಲವೇ ಆ ದ್ವೀಪಗಳ ಒಲೆ ಉರಿಯುವುದು ಎಂದು ಕೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಜಮೈಕ 2020ರ ಜೂನ್ 15ರಂದೇ ಪ್ರವಾಸಿಗಳಿಗೆ ಬಾಗಿಲು ತೆರೆಯಿತು. ಟರ್ಕ್ಸ್ ಮತ್ತು ಕೈಕಾಸ್ ದ್ವೀಪಗಳು ಜುಲೈ 22ರಂದು ತೆರೆದುವು. ಧೈರ್ಯದಿಂದಲ್ಲ, ಹಸಿವಿನಿಂದ. ಹೋಟೆಲು ಮುಚ್ಚಿದರೆ ಬಾಣಸಿಗನಿಗೂ ಟ್ಯಾಕ್ಸಿ ಚಾಲಕನಿಗೂ ಕೆಲಸವಿಲ್ಲ, ಸರಕಾರಕ್ಕೆ ತೆರಿಗೆಯಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಕೇಮನ್ ದ್ವೀಪಗಳು ಮಾರ್ಚ್‌ನಲ್ಲಿ ಮುಚ್ಚಿದ ಗಡಿಯನ್ನು ದೀರ್ಘ ಕಾಲ ಬಿಗಿಯಾಗಿ ಕಾದುವು. ಆ ಡಿಸೆಂಬರ್‌ನಲ್ಲಿ, ಪ್ರತ್ಯೇಕವಾಸದ ನಿಯಮ ಮುರಿದು ಜೆಟ್‌ಸ್ಕೀ ಸ್ಪರ್ಧೆ ನೋಡಲು ಹೋದ 18 ವರ್ಷದ ಅಮೇರಿಕನ್ ವಿದ್ಯಾರ್ಥಿನಿಗೆ ಅಲ್ಲಿನ ನ್ಯಾಯಾಲಯ ನಾಲ್ಕು ತಿಂಗಳ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಅದು ಎರಡು ತಿಂಗಳಿಗೆ ಇಳಿಯಿತು. ಕೇಮನ್‌ಗೆ ಈ ಗಟ್ಟಿತನ ಎಲ್ಲಿಂದ ಬಂತು? ಅದು ಪ್ರವಾಸಿಗಳ ಜೇಬಿನಿಂದಷ್ಟೇ ಬದುಕುವ ನೆಲವಲ್ಲ. ಜಗತ್ತಿನ ಸಿರಿವಂತರೂ ಕಂಪೆನಿಗಳೂ ತೆರಿಗೆ ತಪ್ಪಿಸಲು ಹಣವಿಡುವ ಜಾಗವದು. ಸಿರಿವಂತರ ಹಣ ಇರುವ ದ್ವೀಪ ಸಿರಿವಂತರಿಗೇ ಬಾಗಿಲು ಮುಚ್ಚಬಲ್ಲುದಾಯಿತು. ಅವರ ತಟ್ಟೆ ತೊಳೆಯುವ ದ್ವೀಪಗಳಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಬೇಡವೆನ್ನಲು ಶಕ್ತಿಯಿಲ್ಲದವನ ಸಮ್ಮತಿಯನ್ನು ಸಮ್ಮತಿಯೆಂದು ಕರೆದು, ಅದನ್ನೇ ಉಪಕಾರವೆಂದು ಬಣ್ಣಿಸುವುದು ಹಳೆಯ ಚಾಳಿ. ಆ ಕಡಲಿನ ಕಬ್ಬಿನ ತೋಟಗಳ ಒಡೆಯರೂ ತಾವು ಅನ್ನದಾತರೆಂದೇ ಹೇಳಿಕೊಂಡಿದ್ದರು.

ಕೆರಿಬಿಯನ್ನರ ಮೇಲೆ ಒಂಟಾರಿಯೊಕ್ಕೆ ಅಷ್ಟೊಂದು ಮಮತೆಯಿದ್ದರೆ ಅದನ್ನು ತೋರಲು ಸೇಂಟ್ ಬಾರ್ಟ್ಸ್‌ವರೆಗೆ ಹೋಗಬೇಕಾಗಿರಲಿಲ್ಲ. 1966ರಲ್ಲಿ ಜಮೈಕದೊಂದಿಗೆ ಆರಂಭವಾದ ಒಂದು ಯೋಜನೆಯಡಿ ಪ್ರತಿವರ್ಷ ಕೆರಿಬಿಯನ್ ದ್ವೀಪಗಳಿಂದ, ಆ ಬಳಿಕ ಮೆಕ್ಸಿಕೊದಿಂದಲೂ ಸಾವಿರಾರು ಕಾರ್ಮಿಕರು ಕೆನಡಾದ ಹೊಲ, ತೋಟಗಳಿಗೆ ಬರುತ್ತಾರೆ. ಟೊಮೆಟೊ, ಸೇಬು, ಸೌತೆ ಕೀಳುತ್ತಾರೆ. ಹಂಗಾಮು ಮುಗಿದರೆ ಊರಿಗೆ ಮರಳುತ್ತಾರೆ. 2020ರಲ್ಲಿ ಜಗತ್ತೇ ನಿಂತಾಗಲೂ ಅವರನ್ನು ‘ಅಗತ್ಯ’ವೆಂದು ಕರೆಸಿಕೊಳ್ಳಲಾಯಿತು. ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ, ಹಲವರಿಗೆ ಒಂದೇ ಅಡುಗೆಮನೆ, ಒಂದೇ ಸ್ನಾನಗೃಹ. ದಮ್ಮಾಮ್, ದುಬೈಗಳ ಲೇಬರ್ ಕ್ಯಾಂಪುಗಳಲ್ಲಿ ಮಗನೋ ಸಹೋದರನೋ ಇರುವ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂತಹ ವಸತಿಯಲ್ಲಿ ಪ್ರತ್ಯೇಕವಾಗಿರಿ ಎಂಬ ಉಪದೇಶಕ್ಕೆ ಏನರ್ಥ? ಆ ವರ್ಷ ಒಂಟಾರಿಯೊದಲ್ಲಿ ಸಾವಿರಕ್ಕೂ ಹೆಚ್ಚು ವಲಸೆ ಕೃಷಿ ಕಾರ್ಮಿಕರು ಸೋಂಕಿತರಾದರು. ಮೆಕ್ಸಿಕೊದ ಮೂವರು ಮಡಿದರು. ಕೆರಿಬಿಯನ್ನಿನ ಬಡವ ಒಂಟಾರಿಯೊಕ್ಕೆ ಬಂದು ಮಂಚದ ಮೇಲೆ ಮಂಚದಲ್ಲಿ ಮಲಗಿದ. ಒಂಟಾರಿಯೊದ ಸಚಿವರು ಕೆರಿಬಿಯನ್ನಿಗೆ ಹೋಗಿ ದಣಿವಾರಿಸಿಕೊಂಡರು.

ಅಷ್ಟಕ್ಕೂ, ಈ ಪ್ರಕರಣದಲ್ಲಿ ವಿಹಾರಕ್ಕಿಂತಲೂ ಕಹಿಯಾದ ವಿಷಯವೊಂದಿದೆ. ಪತ್ರಿಕೆಗಳು ಅಗ್ಗಿಷ್ಟಿಕೆಯ ವೀಡಿಯೊವನ್ನು ಚಪ್ಪರಿಸಿದಷ್ಟು ಅದನ್ನು ಚರ್ಚಿಸಲಿಲ್ಲ. ಫಿಲಿಪ್ಸ್ ಹಣಕಾಸು ಸಚಿವರು. (ಹಿಂದೊಮ್ಮೆ ಪ್ರಾಂತದ ಸರಕಾರಿ ಲಾಟರಿ ಸಂಸ್ಥೆಯ ಮುಖ್ಯಸ್ಥರೂ ಆಗಿದ್ದವರು. ಅದೃಷ್ಟವು ಯಾರಿಗೆ ಒಲಿಯುತ್ತದೆ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ತಿಳಿದಿರಬೇಕು.) ಜ್ವರವಿದ್ದರೆ ಮನೆಯಲ್ಲಿರಿ ಎಂದು ಸರಕಾರ ದಿನನಿತ್ಯ ಹೇಳುತ್ತಿತ್ತು. ಆದರೆ ದಿನಗೂಲಿಯವನು ಮನೆಯಲ್ಲಿ ಕುಳಿತರೆ ಆ ದಿನದ ಸಂಬಳ ಕೊಡುವವರು ಯಾರು? ಒಂಟಾರಿಯೊದಲ್ಲಿ ಕಾರ್ಮಿಕರಿಗಿದ್ದ ಎರಡು ದಿನಗಳ ವೇತನಸಹಿತ ತುರ್ತು ರಜೆಯನ್ನು ಇದೇ ಫೋರ್ಡ್ ಸರಕಾರ 2018ರಲ್ಲಿ ರದ್ದುಪಡಿಸಿತ್ತು. ಸಾಂಕ್ರಾಮಿಕ ಬಂದ ಮೇಲೆ ವೈದ್ಯರು, ಕಾರ್ಮಿಕ ಸಂಘಟನೆಗಳು ಎಷ್ಟು ಬೇಡಿದರೂ, ಕೇಂದ್ರ ಸರಕಾರದ ನೆರವು ಇದೆಯಲ್ಲ ಎಂದು ಅದು ಕೈತೊಳೆದುಕೊಂಡಿತು. ಆ ನೆರವಾದರೋ ಅರ್ಜಿ ಹಾಕಿ ಪಡೆಯಬೇಕಾದದ್ದು. ವಾರದ ಅರ್ಧದಷ್ಟಾದರೂ ಕೆಲಸ ತಪ್ಪಿದರೆ ಮಾತ್ರ ಅರ್ಹತೆ. ಗಂಟಲು ಕೆರೆತವೆಂದು ಒಂದು ದಿನ ಪರೀಕ್ಷೆಗೆ ಹೋಗಬೇಕಾದವನಿಗೆ ಅದರಿಂದೇನು ಪ್ರಯೋಜನ?

ಪರಿಣಾಮ ಏನಾಯಿತೆಂಬುದನ್ನು ಪೀಲ್ ಪ್ರದೇಶ ಹೇಳುತ್ತದೆ. ಟೊರಾಂಟೊ ವಿಮಾನ ನಿಲ್ದಾಣವಿರುವ, ಬ್ರಾಂಪ್ಟನ್, ಮಿಸ್ಸಿಸಾಗ ನಗರಗಳನ್ನೊಳಗೊಂಡ ಈ ಪ್ರದೇಶದಲ್ಲಿ ಭಾರತ, ಪಾಕಿಸ್ತಾನ ಮೂಲದವರು ಬಹುಸಂಖ್ಯೆಯಲ್ಲಿದ್ದಾರೆ. ಲಾರಿ ಓಡಿಸುವವರು, ಉಗ್ರಾಣಗಳಲ್ಲಿ ಸರಕು ಕಟ್ಟುವವರು, ಆಹಾರ ಕಾರ್ಖಾನೆಗಳಲ್ಲಿ ದುಡಿಯುವವರು. ಮನೆಯಿಂದಲೇ ಕೆಲಸ ಮಾಡಿ ಎಂಬ ಮಾತು ಇವರ ಪಾಲಿಗೆ ತಮಾಷೆ. ಬ್ರಾಂಪ್ಟನ್‌ನ ಅಮೆಜಾನ್ ಉಗ್ರಾಣವೊಂದರಲ್ಲಿ ಅಕ್ಟೋಬರ್‌ನಿಂದ 600ಕ್ಕೂ ಹೆಚ್ಚು ಸೋಂಕು ಪತ್ತೆಯಾದ ಮೇಲೆ 2021ರ ಮಾರ್ಚ್‌ನಲ್ಲಿ ಆರೋಗ್ಯ ಇಲಾಖೆ ಅಲ್ಲಿನ ಕಾರ್ಮಿಕರನ್ನು ಎರಡು ವಾರ ಮನೆಯಲ್ಲಿರಿಸಬೇಕಾಯಿತು. ಆಗ ಕೆಲವರು ಕೊಟ್ಟ ಕಾರಣವೇನು ಗೊತ್ತೇ? ಈ ಜನರು ದೊಡ್ಡ ಕುಟುಂಬಗಳಲ್ಲಿ ಬಾಳುತ್ತಾರೆ, ಹಬ್ಬ ಆಚರಿಸುತ್ತಾರೆ! ಅಜ್ಜಿಯೊಂದಿಗೆ ಬಾಳುವುದು ಅಪರಾಧವಾಯಿತು. ಅಜ್ಜಿಯಿರುವ ಮನೆಗೆ ಉಗ್ರಾಣದಿಂದ ಜ್ವರ ಹೊತ್ತು ಬರುವಂತೆ ಮಾಡಿದ ವ್ಯವಸ್ಥೆ ನಿರಪರಾಧಿಯಾಗಿ ಉಳಿಯಿತು.

ಹುಟ್ಟುಹಬ್ಬದ ತಾರೆಯ ಮಾತಿನಲ್ಲಿದ್ದ ಎರಡು ವಾರಗಳ ಪ್ರತ್ಯೇಕವಾಸವನ್ನು ಇಲ್ಲಿ ಮತ್ತೊಮ್ಮೆ ನೋಡಿ. ಆಕೆ ಅದನ್ನು ತನ್ನ ಜಾಗರೂಕತೆಗೆ ಪುರಾವೆಯಾಗಿ ಹೇಳಿದರು. ನಿಜವಾಗಿ ಅದು ಆಕೆಯ ಆಸ್ತಿಯ ಪುರಾವೆ. ಎರಡು ವಾರ ದುಡಿಯದೆ ಮನೆಯಲ್ಲಿರುವುದು, ಬೇಕೆಂದಾಗಲೆಲ್ಲ ಪರೀಕ್ಷೆ ಮಾಡಿಸುವುದು, ಬಳಿಕ ಜನಸಂದಣಿಯಿಲ್ಲದ ಕಡೆ ಇರುವುದು... ಸೋಂಕು ತಡೆಗೆ ಎಲ್ಲರಿಗೂ ದೊರೆಯಬೇಕಾಗಿದ್ದ ಈ ಮೂರೂ ಆ ವರ್ಷ ಮಾರಾಟದ ಸರಕುಗಳಾಗಿದ್ದುವು. ದುಡ್ಡಿದ್ದವರು ಕೊಂಡರು. ಅದರ ಮೇಲೆ ವಿನಮ್ರತೆಯ ಒಂದು ಸಾಲು ಬರೆದರೆ ಲೆಕ್ಕ ಚುಕ್ತಾ. ಸವಲತ್ತನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು ಅದನ್ನು ಹಂಚಿಕೊಳ್ಳುವುದಕ್ಕೆ ಸಮ ಎಂದು ನಂಬಿಸುವ ಕಲೆ ಈ ಕಾಲದ ಶ್ರೀಮಂತರಿಗೆ ಸಿದ್ಧಿಸಿದೆ.

ಒಂಟಾರಿಯೊದ ವೃದ್ಧಾಶ್ರಮಗಳ ಗೋಡೆಯೊಳಗೆ ನಡೆದುದಂತೂ ಬೇರೆಯೇ ಕಥೆ. 2020ರ ಮೇಯಲ್ಲಿ ನೆರವಿಗೆ ಹೋದ ಸೈನಿಕರು ಐದು ಆಶ್ರಮಗಳ ಬಗ್ಗೆ ಕೊಟ್ಟ ವರದಿ ದೇಶವನ್ನೇ ನಡುಗಿಸಿತ್ತು. ಕೊಳೆತ ಆಹಾರ, ಬದಲಿಸದ ಬಟ್ಟೆ, ಕರೆದರೂ ಬಾರದ ಸಿಬ್ಬಂದಿ. 2021ರ ಏಪ್ರಿಲ್ ಕೊನೆಗೆ ಪ್ರಾಂತದ ಆಶ್ರಮಗಳಲ್ಲಿ ಸೋಂಕಿನಿಂದ ಸತ್ತ ವೃದ್ಧರು ಸುಮಾರು 4,000. ಮಕ್ಕಳು ಕಿಟಕಿಯ ಗಾಜಿಗೆ ಅಂಗೈಯೊತ್ತಿ ತಾಯಿಯನ್ನು ಬೀಳ್ಕೊಟ್ಟ ಆಶ್ರಮಗಳಿವು. 2021ರ ಜೂನ್‌ನಲ್ಲಿ ಇವುಗಳ ಹೊಣೆ ಹೊತ್ತ ಇಲಾಖೆಗೆ ಹೊಸ ಸಚಿವರು ನೇಮಕವಾದರು. ಅವರ ಹೆಸರು ರಾಡ್ ಫಿಲಿಪ್ಸ್!

ಸಂಪುಟದಿಂದ ಹೊರಗಿದ್ದದ್ದು ಆರು ತಿಂಗಳೂ ಅಲ್ಲ. 2022ರ ಜನವರಿಯಲ್ಲಿ ಅವರು ಸ್ವಇಚ್ಛೆಯಿಂದ ರಾಜಕೀಯಕ್ಕೆ ವಿದಾಯ ಹೇಳಿದರು. ವೇತನಸಹಿತ ರಜೆಯನ್ನು ಸರಕಾರ ಕೊನೆಗೂ 2021ರ ಏಪ್ರಿಲ್‌ನಲ್ಲಿ, ಮೂರನೆಯ ಅಲೆ ಆಸ್ಪತ್ರೆಗಳನ್ನು ತುಂಬಿಸಿದ ಮೇಲೆ ಒಪ್ಪಿಕೊಂಡಿತು. ವರ್ಷಕ್ಕಲ್ಲ, ಇಡೀ ಅವಧಿಗೆ ಮೂರು ದಿನ. 2023ರ ಮಾರ್ಚ್ 31ರಂದು ಅದನ್ನೂ ನಿಲ್ಲಿಸಲಾಯಿತು.