ದಮ್ಮಿನ ಲಿಲಾವು

ದುಂಡಸಿಯ ಹಿರಿಯರೊಬ್ಬರಿಗೆ ಬಾಲ್ಯದಿಂದಲೂ ಕಬಡ್ಡಿಯೆಂದರೆ ಪ್ರಾಣ. ಅವರ ಬಾಯಲ್ಲಿ ಅದಿನ್ನೂ ‘ಹುತುತು’. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಬೆಂಗಳೂರು ಬುಲ್ಸ್ ತಂಡವನ್ನು ತಮ್ಮದೆಂದೇ ಬಗೆದರು. 2019ರ ಜನವರಿಯ ಅಂತಿಮ ಪಂದ್ಯದಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ದೋಚಿ ಪ್ರಶಸ್ತಿ ತಂದಾಗ, ದೆಹಲಿಯ ಆ ತರುಣ ಅವರಿಗೆ ಮನೆಮಗನಾದ.

2022ರಲ್ಲಿ ಅದೇ ಪವನ್ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ತಂಡದ ಪಾಲಾದ.

“ಜಾತ್ರ್ಯಾಗ ಕಾಯಿ ಲಿಲಾವು ನೋಡಿದ್ದೆ, ದಮ್ಮಿನ ಲಿಲಾವು ಈಗ ನೋಡಿದೆ,” ಎಂದರು ಹಿರಿಯರು. ಒಂದು ಕಾಲಕ್ಕೆ ದಾಳಿಗೆ ಆಟಗಾರನ ದಮ್ಮೇ ಗಡಿಯಾರ. ಇಂದು ಗಡಿಯಾರದ 30 ಸೆಕೆಂಡೇ ದಮ್ಮು!

ಹೊಸ ತಂಡದ ಮೊದಲ ಪಂದ್ಯದಲ್ಲೇ ಪವನನ ಮೊಣಕಾಲಿಗೆ ಪೆಟ್ಟಾಗಿ, ಆ ವರ್ಷದ ಆಟವೆಲ್ಲ ಕೈತಪ್ಪಿತು. ಹಿರಿಯರ ಕೋಪ ಅಂದೇ ಇಳಿಯಿತು. ಜಾತ್ರೆಯ ಪಂದ್ಯದಲ್ಲಿ ಕಾಲು ಮುರಿದುಕೊಂಡು ಬರಿಗೈಯಲ್ಲಿ ಮನೆ ಸೇರಿದ ಗೆಳೆಯರು ಅವರಿಗೆ ನೆನಪಾದರು.

ಆಟಗಾರನಿಗೆ ಹಣ ಬರಲಿ, ತಪ್ಪಿಲ್ಲ. ಆದರೆ ಆಳುಗಳು ಹೀಗೆ ಬದಲಾಗುತ್ತಿದ್ದರೆ ಅಭಿಮಾನಿ ಮನಸ್ಸಿಡುವುದು ಯಾರ ಮೇಲೆ? ಅಂಗಿಯ ಬಣ್ಣದ ಮೇಲೆಯೆ? ಆ ಕೋಟಿಗಳ ಒಂದು ಹನಿ ಹಳ್ಳಿಯ ಅಂಕಣಕ್ಕಿಳಿದರೂ ಸಾಕು, ನಾಳಿನ ಪವನ್ ಶಿಗ್ಗಾಂವಿ ತಾಲೂಕಿನಲ್ಲೇ ಎದ್ದಾನು.

ಹೀಗೆನ್ನುತ್ತಲೇ, ಪಂದ್ಯದ ವೇಳೆಗೆ ಹಿರಿಯರು ಟೀವಿಯ ಮುಂದೆ ಹಾಜರು. ತಂಡ ಅದೇ, ಹೆಸರುಗಳನ್ನು ಮಾತ್ರ ಮೊಮ್ಮಗ ಹೇಳಿಕೊಡಬೇಕು.