ಜಾಗ ಇಲ್ಲವೆ? ಬರೆದು ಕೊಡಿ

"ಯಾವ ಊರಪ್ಪ? ಅಪ್ಪ ಏನ್ ಮಾಡ್ತಾರೆ? ಪೂರ್ತಿ ಹೆಸರೇನು?" ಪಿಎಚ್.ಡಿ.ಗೆ ಗೈಡ್ ಹುಡುಕಿಕೊಂಡು ಹೋದ ನಮ್ಮ ಹುಡುಗ ಹುಡುಗಿಯರಿಗೆ ಎಷ್ಟೋ ಕಡೆ ಮೊದಲು ಬೀಳುವ ಪ್ರಶ್ನೆಗಳಿವು. ಸಂಶೋಧನೆ ಯಾವುದರ ಮೇಲೆ ಅನ್ನೋದು ಆಮೇಲೆ. ಊರು, ಅಪ್ಪ, ಹೆಸರು ಗೊತ್ತಾಯಿತೋ, "ನನ್ನ ಹತ್ರ ಜಾಗ ಇಲ್ಲ, ಮುಂದಿನ ವರ್ಷ ನೋಡೋಣ." ಹಳ್ಳಿಯ ಹೋಟೆಲಿನವನು ಹೊರಗೆ ನಿಲ್ಲಿಸಿ ಕಳಿಸುತ್ತಿದ್ದ. ಇವರು ಕುರ್ಚಿ ಕೊಟ್ಟು ಕೂರಿಸಿ ಕಳಿಸ್ತಾರೆ. ಅಷ್ಟೇ ವ್ಯತ್ಯಾಸ.

ಎಲ್ಲ ಮೇಷ್ಟ್ರುಗಳೂ ಹೀಗೆ ಅಂತ ನಾವು ಹೇಳುತ್ತಿಲ್ಲ. ಕೈಹಿಡಿದು ದಾಟಿಸಿದವರೂ ಇದ್ದಾರೆ. ನಮ್ಮವರೇ ಮೇಷ್ಟ್ರಾಗಿ ನಮ್ಮನ್ನು ಕಂಡರೆ ಮುಖ ತಿರುಗಿಸುವವರೂ ಇದ್ದಾರೆ, ಅದಿರಲಿ.

ಜಾಗದ ಲೆಕ್ಕ ನೋಡೋಣ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರು ಒಂದು ಕಾಲಕ್ಕೆ 8 ಜನ, ಅಸೋಸಿಯೇಟ್ ಪ್ರೊಫೆಸರು 6, ಅಸಿಸ್ಟೆಂಟ್ ಪ್ರೊಫೆಸರು 4 ಜನರಿಗೆ ಗೈಡ್ ಆಗಬಹುದು. ಯಾರ ಕೈಕೆಳಗೆ ಯಾರಿದ್ದಾರೆ, ಯಾವ ವಿಷಯ, ಯಾವತ್ತು ಸೇರಿದರು ಎಂಬುದನ್ನು ವಿಶ್ವವಿದ್ಯಾಲಯ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು, ವರ್ಷವರ್ಷವೂ ತಿದ್ದಬೇಕು. ಎಂಟರಲ್ಲಿ ಐದು ತುಂಬಿದ್ದರೆ ಮೂರು ಖಾಲಿ. ಇದಕ್ಕೆ ಡಾಕ್ಟರೇಟ್ ಬೇಕಾಗಿಲ್ಲ, ಒಂದನೇ ಕ್ಲಾಸಿನ ಕಳೆಯೋ ಲೆಕ್ಕ ಸಾಕು.

ಯಾರಿಗೆ ಯಾವ ಗೈಡ್ ಎಂದು ತೀರ್ಮಾನ ಮಾಡಬೇಕಾದ್ದು ವಿಭಾಗ. ಆದರೆ ನಡೆಯುವುದೇನು? "ಮೊದಲು ಗೈಡ್ ಒಪ್ಪಿಗೆ ತಾ, ಆಮೇಲೆ ಅರ್ಜಿ ಹಾಕು." ಮೋಸ ಇರುವುದು ಇಲ್ಲೇ. ಒಪ್ಪಿಗೆ ಸಿಗದವನು ಅರ್ಜಿ ಹಾಕುವುದಿಲ್ಲ. ಅರ್ಜಿ ಇಲ್ಲದ ಮೇಲೆ ಅವನು ಬಂದದ್ದಕ್ಕೂ ದಾಖಲೆ ಇಲ್ಲ, ತಳ್ಳಿದ್ದಕ್ಕೂ ದಾಖಲೆ ಇಲ್ಲ. ರೋಸ್ಟರ್ ಗೋಡೆಯ ಮೇಲೆ ನೇತಾಡುತ್ತಿರುತ್ತದೆ. "ಅರ್ಹ ಅಭ್ಯರ್ಥಿಗಳು ಬರಲಿಲ್ಲ" ಅಂತ ಒಂದು ಸಾಲು ಬರೆದು ಫೈಲು ಮುಚ್ಚುತ್ತಾರೆ. ಮೀಸಲಾತಿಯನ್ನು ಯಾರೂ ಮುರಿಯಲಿಲ್ಲ, ಆದರೂ ಸೀಟು ನಮಗೆ ಸಿಗಲಿಲ್ಲ!

ಗೈಡ್ ಸಿಕ್ಕರೂ ಕಾಟ ಮುಗಿಯಲಿಲ್ಲ. "ಹಳಗನ್ನಡ ನಿನಗ್ಯಾಕಪ್ಪ, ನಿಮ್ಮ ಜನಾಂಗದ ಮೇಲೆ ಏನಾದರೂ ಮಾಡು" ಅಂತಾರೆ. ನಮ್ಮ ಜನರ ಮೇಲೆ ಬರೆಯುತ್ತೇವೆ, ಬರೆಯಲೇಬೇಕು. ಆದರೆ ಅದನ್ನು ಆರಿಸುವವರು ನಾವು. ಬಾಬಾಸಾಹೇಬರು ಲಂಡನ್ನಿನಲ್ಲಿ ಕೈಗೆತ್ತಿಕೊಂಡ ವಿಷಯ ರೂಪಾಯಿ. ಅಲ್ಲಿ ಅವರ ಗುರು ಎಡ್ವಿನ್ ಕ್ಯಾನನ್ ಶಿಷ್ಯನ ವಾದವನ್ನು ಪೂರ್ತಿ ಒಪ್ಪಿರಲಿಲ್ಲ. 1923ರಲ್ಲಿ ಆ ಪುಸ್ತಕ ಬಂದಾಗ ಮುನ್ನುಡಿ ಬರೆದವರು ಅವರೇ. ಒಪ್ಪುವುದಿಲ್ಲ ಎಂಬುದನ್ನು ಮುನ್ನುಡಿಯಲ್ಲೇ ಹೇಳಿ, ಕೆಲಸವನ್ನು ಮೆಚ್ಚಿದರು. ನಮಗೆ ಬೇಕಾದ್ದು ಇಂಥ ಜಗಳಗಂಟ ಗುರು. ಬೆನ್ನು ತಟ್ಟಿ ಬಾಗಿಲು ಹಾಕುವವರಲ್ಲ.

ಈ ವರ್ಷ ಅರ್ಜಿ ಹಾಕುವ ತಮ್ಮಂದಿರೆ, ತಂಗಿಯರೆ, ಜಾಗ ಇಲ್ಲ ಅಂದವರನ್ನು "ಬರೆದು ಕೊಡಿ ಸಾರ್" ಎಂದು ಕೇಳಿ. ಕೊಡೋದಿಲ್ಲ, ಗೊತ್ತು. ಅವತ್ತೇ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಯಾವ ಗೈಡ್ ಹತ್ತಿರ ಎಷ್ಟು ಖಾಲಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ, ಅದಕ್ಕೆ ಹತ್ತೇ ರೂಪಾಯಿ. ಬಂದ ಉತ್ತರದ ಪ್ರತಿಯನ್ನು ಮುಂದಿನ ಸಭೆಗೆ ತನ್ನಿ. ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗುವಾಗ ಅದು ನಮ್ಮ ಕೈಯಲ್ಲಿರಬೇಕು.